ಭಾನುವಾರದ ಪ್ರಶ್ನೋತ್ತರ: ಮೆಣಸಿನ ಮುಟುರು, ಮಲ್ಲಿಗೆ ಜಗಳ, ಒಂದು ಚಮಚ ಹರಳು

ಅಡ್ಮಿನ್ (9.56): ಕೈತೋಟದ ಗುಂಪಿನ ಎಲ್ಲರಿಗೂ ನಮಸ್ಕಾರ. 10ರಿಂದ 12ರವರೆಗೆ ಮೇಡಂ ಇರ್ತಾರೆ. ತೋಟಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಗೊತ್ತೇ ಇದೆ. ಒಬ್ಬರಿಗೆ ಒಂದೇ ಪ್ರಶ್ನೆ. ಎಲೆಯ ಎರಡೂ ಬದಿಯ ಫೋಟೋ ಹಾಕಿ. ಶುಭೋದಯದ ಗುಲಾಬಿ ಚಿತ್ರ ಹಾಕಿದ್ರೆ ಅಳಿಸ್ತೀನಿ.

ರೇಖಾ, ಮೈಸೂರು: ನಮಸ್ತೆ ಮೇಡಂ. ಹಸಿಮೆಣಸಿನ ಗಿಡದ ಎಲೆ ಎಲ್ಲಾ ಮುದುರಿಕೊಂಡಿದೆ. ಆರು ಗಿಡ, ಆರೂ ಹಾಗೇ. ಫೋಟೋ ಹಾಕಿದೀನಿ.

ಮೇಡಂ: ನಮಸ್ಕಾರ ರೇಖಾ ಅವರೇ. ಎಲೆ ಮೇಲಕ್ಕೆ ದೋಣಿ ಥರ ಮಡಚಿದ್ರೆ ಥ್ರಿಪ್ಸ್ ಹುಳು. ಕೆಳಕ್ಕೆ ಬಾಗಿ ತೊಟ್ಟು ಉದ್ದವಾಗಿದ್ರೆ ಮೈಟ್ ನುಸಿ. ನಿಮ್ಮದು ದೋಣಿ. ಬಿಳಿ ಹಾಳೆ ಹಿಡಿದು ಅದರ ಮೇಲೆ ಚಿಗುರನ್ನ ತಟ್ಟಿ, ದಾರದ ಚೂರಿನಂಥ ಹಳದಿ ಹುಳು ಓಡಿದ್ರೆ ಖಾತ್ರಿ. ಕೆಟ್ಟ ಚಿಗುರು ಚಿವುಟಿ ಹಾಕಿ. 1 ಲೀಟರ್ ನೀರಿಗೆ ಬೇವಿನೆಣ್ಣೆ 5 ಎಂ.ಎಲ್., ಬೆರೆಯೋಕೆ ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು, ಎಲೆಯ ಅಡಿ ನೆನೆಯೋ ಹಾಗೆ. ವಾರಕ್ಕೊಂದು ಸಲ, ಮೂರು ವಾರ. ಮುದುರಿದ ಎಲೆ ಮತ್ತೆ ನೆಟ್ಟಗಾಗಲ್ಲ, ಹೊಸ ಚಿಗುರು ನೋಡಿ ಗುಣ ಹೇಳಬೇಕು. ಮೈಟ್ ನುಸಿ ಇರೋರು ಬೇವಿನೆಣ್ಣೆ ಬದಲು ನೀರಲ್ಲಿ ಕದಡುವ ಗಂಧಕ ಲೀಟರಿಗೆ 2-3 ಗ್ರಾಂ ಹೊಡೀಬಹುದು. ಎರಡನ್ನೂ ಒಟ್ಟಿಗೆ ಹೊಡೆದ್ರೆ ಎಲೆ ಸುಡುತ್ತೆ, ಮಧ್ಯೆ ಎರಡು ವಾರ ಬಿಡಿ.

ಬಸಣ್ಣ, ಹುಬ್ಬಳ್ಳಿ: ಮೇಡಮ್ಮಾರ, ಹಿತ್ತಲದಾಗ ಹೀರಿಕಾಯಿ ಬಳ್ಳಿ ಐತ್ರಿ. ಹೂವು ಬುಟ್ಟಿಗಟ್ಟಲೆ ಬರ್ತಾವು, ಹೀಚು ಬೆರಳಷ್ಟಾಗಿ ಹಳದಿಯಾಗಿ ಬಿದ್ದ್ ಹೋಗ್ತಾವು. ಏನ್ ಮಾಡೂದ್ರಿ?

ಮೇಡಂ: ಬಸಣ್ಣ ಅವರೇ, ಅದು ರೋಗ ಅಲ್ಲ, ಪರಾಗ ಬಿದ್ದಿಲ್ಲ. ಹೀರೆ ಹೂ ಸಂಜೆ ಅರಳುತ್ತೆ, ಸೋರೆಯೂ ಅಷ್ಟೇ. ಅಷ್ಟೊತ್ತಿಗೆ ನಿಮ್ಮೂರಿನ ಜೇನ್ನೊಣ ಗೂಡು ಸೇರಿರ್ತಾವೆ. ಐದೂವರೆ ಆರಕ್ಕೆ ಗಂಡು ಹೂ ಕಿತ್ತು, ದಳ ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತಿರೋ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿ. ಒಂದು ಗಂಡು ಎರಡು ಮೂರು ಹೆಣ್ಣಿಗೆ ಸಾಕು.

ಬಸಣ್ಣ, ಹುಬ್ಬಳ್ಳಿ: ಅಂದ್ರ ನಾನs ಜೇನ್ನೊಣ ಆಗ್ಬೇಕ್ರಿ 😄 ಆತ್ರಿ.

ನಾಗರಾಜ, ಬೆಂಗಳೂರು: *ಫಾರ್ವರ್ಡ್ ಆಗಿ ಬಂದದ್ದು* ಟೊಮೆಟೊ ತಳ ಕಪ್ಪಾಗಿ ಕೊಳೆತರೆ ಎರಡು ಚಮಚ ಎಪ್ಸಮ್ ಉಪ್ಪು + ಹಾಲು + ಮೊಟ್ಟೆ ಸಿಪ್ಪೆ ಪುಡಿ. 3 ದಿನದಲ್ಲಿ ಮ್ಯಾಜಿಕ್!! ಎಲ್ಲರಿಗೂ ಹಂಚಿ.

ಮೇಡಂ: ನಾಗರಾಜ್, ಹಂಚಬೇಡಿ. ತಳ ಕಪ್ಪಾಗೋದು ಕಾಯಿಗೆ ಸುಣ್ಣದ ಅಂಶ ತಲುಪದೆ. ಎಪ್ಸಮ್ ಉಪ್ಪಿನಲ್ಲಿರೋದು ಮೆಗ್ನೀಷಿಯಂ, ಅದು ಹೆಚ್ಚಾದಷ್ಟೂ ಬೇರು ಸುಣ್ಣ ಎಳೆಯೋದು ಇನ್ನೂ ಕಮ್ಮಿ ಆಗುತ್ತೆ. ಮೊಟ್ಟೆ ಸಿಪ್ಪೆ ಮಣ್ಣಲ್ಲಿ ಕರಗೋಕೆ ತಿಂಗಳುಗಳು ಬೇಕು, ಮೂರು ದಿನ ಅಲ್ಲ. ಸಾಮಾನ್ಯವಾಗಿ ಮಣ್ಣಲ್ಲಿ ಸುಣ್ಣ ಇದ್ದೇ ಇರುತ್ತೆ, ನೀವು ಎರಡು ದಿನ ಒಣಗಿಸಿ ಮೂರನೇ ದಿನ ಕೊಡ ಸುರಿಯೋದೇ ಕಾರಣ. ದಿನಾ ಒಂದೇ ಸಮ ನೀರು, ಬುಡಕ್ಕೆ ಒಣ ಎಲೆ ಹೊದಿಕೆ. ಹಾಲು ಕಾಫಿಗೆ ಹಾಕಿ.

ವಿನಯ್, ನ್ಯೂಜೆರ್ಸಿ: ಮೇಡಂ, ಇಲ್ಲಿ ಚಳಿಗಾಲದಲ್ಲಿ ಕರಿಬೇವು ಒಳಗಿಟ್ಟಾಗ ಎಲೆ ಪೂರ್ತಿ ಉದುರುತ್ತೆ. ಸತ್ತಿದೆಯೋ ಬದುಕಿದೆಯೋ ಹೇಗೆ ತಿಳಿಯೋದು?

ಸೌಮ್ಯ, ಶಿವಮೊಗ್ಗ: ಮೇಡಂ ನನ್ನ ಮೆಣಸಿನ ಗಿಡದ ಎಲೆನೂ ಮುದುರಿದೆ...

ಮೇಡಂ: ಮೇಲೆ ರೇಖಾ ಅವರಿಗೆ ಬರೆದಿದ್ದೇನೆ.

ಲತಾ, ಬೆಂಗಳೂರು: ಮನೆ ಮುಂದೆ ಮಾವಿನ ಮರದ ಕೆಳಗೆ ಲಾನ್ ಹಾಕಿಸಿದ್ವಿ, ಮೂರು ಸಲ. ಮೂರು ಸಲವೂ ಬೋಳಾಯ್ತು.

ಮೇಡಂ: ನಾಲ್ಕನೇ ಸಲ ಹಾಕಿಸಬೇಡಿ. ಗರಿಕೆ ಜಾತಿಯ ಹುಲ್ಲಿಗೆ ನೆರಳು ಆಗದು. ಎಮ್ಮೆ ಹುಲ್ಲು ಸ್ವಲ್ಪ ತಡೆಯುತ್ತೆ, ಆದರೆ ಕವಿದ ಮಾವಿನ ಅಡಿ ಅದೂ ಸೊರಗುತ್ತೆ. ಬುಡದ ಸುತ್ತ ತರಗೆಲೆ ಹಾಗೇ ಬಿಡಿ, ಬಿಸಿಲು ಬೀಳೋ ಅಂಚಿಗೆ ಮಾತ್ರ ಹುಲ್ಲು.

ನಾಗರಾಜ, ಬೆಂಗಳೂರು: ಲಾನ್‌ನಲ್ಲಿ ಜೇಕು ಕಳೆ ಬಂದ್ರೆ ಕಲ್ಲುಪ್ಪು + ವಿನೆಗರ್ ಸುರಿದ್ರೆ ಸಾಯುತ್ತಂತೆ.

ಮೇಡಂ: ಜೇಕಿನ ಎಲೆ ಸಾಯುತ್ತೆ, ನೆಲದಡಿ ಗಡ್ಡೆ ನಗುತ್ತೆ. ಉಪ್ಪು ಮಾತ್ರ ಮಣ್ಣಲ್ಲೇ ಉಳಿಯುತ್ತೆ, ಆಮೇಲೆ ಅಲ್ಲಿ ಹುಲ್ಲೂ ಬರಲ್ಲ. ನಾಗರಾಜ್, ದಯವಿಟ್ಟು.

ಶಾಂತಲಾ, ಮೈಸೂರು: ಮೈಸೂರು ಮಲ್ಲಿಗೆ ನಾಲ್ಕು ವರ್ಷದ ಬಳ್ಳಿ. ಎಲೆ ಹುಲುಸಾಗಿದೆ, ಹೂವೇ ಇಲ್ಲ.

ಮೇಡಂ: ಸಾರಜನಕ ಹೆಚ್ಚಾಗಿದೆ, ಸಗಣಿ ನೀರು ಹಾಕೋದು ನಿಲ್ಲಿಸಿ. ಡಿಸೆಂಬರಿನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಹತ್ತು ಹದಿನೈದು ದಿನ ನೀರು ಬಿಗಿಹಿಡಿದು, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳದಿದ್ರೆ ಇದ್ಯಾವುದೂ ಕೆಲಸ ಮಾಡಲ್ಲ.

ಪ್ರಮೀಳಾ, ಉಡುಪಿ: ಮೈಸೂರು ಮಲ್ಲಿಗೆಯ ಉಪದ್ರವೇ ಅದು ಮಾರಾಯ್ರೆ. ನಮ್ಮ ಶಂಕರಪುರದ ಮಲ್ಲಿಗೆ ನೆಡಿ, ಮದುವೆ ಸೀಸನ್ನಿನಲ್ಲಿ ಅಟ್ಟೆ (ನಮ್ಮಲ್ಲಿ ಮಲ್ಲಿಗೆಯ ಅಳತೆ) ಲೆಕ್ಕದಲ್ಲಿ ಮಾರಬಹುದು 😊

ಶಾಂತಲಾ, ಮೈಸೂರು: ನಾನು ಮಾರೋಕೆ ಬೆಳೀತಿಲ್ಲ ಪ್ರಮೀಳಾ ಅವರೇ. ಪರಿಮಳ ಅಂದ್ರೆ ಮೈಸೂರು ಮಲ್ಲಿಗೆ, ಅದಕ್ಕೇ ಊರಿನ ವಿಶೇಷ ಬೆಳೆಗೆ ಕೊಡೋ ಜಿಐ ಗುರುತು ಸಿಕ್ಕಿರೋದು.

ಪ್ರಮೀಳಾ, ಉಡುಪಿ: ಉಡುಪಿ ಮಲ್ಲಿಗೆಗೂ ಸಿಕ್ಕಿದೆ.

ಕೊಟ್ರೇಶ, ಹೂವಿನಹಡಗಲಿ: ಇಬ್ರೂ ಮರ್ತೀರಿ, ಹಡಗಲಿ ಮಲ್ಲಿಗಿಗೂ ಐತಿ. ನಮ್ಮ ಊರ ಹೆಸರಿನ್ಯಾಗs ಹೂವು ಐತ್ರಿ, ನಿಮ್ಮದ್ರಾಗ ಏನೈತಿ?

ಪ್ರಮೀಳಾ, ಉಡುಪಿ: ಹೆಸರಿನಲ್ಲಿ ಹೂ ಇದ್ದರೆ ಆಯ್ತಾ? ಒಂದು ದಿನ ಬಾಳೆನಾರಿನಲ್ಲಿ ಕಟ್ಟಿ ಇಟ್ಟು ನೋಡಿ, ಯಾವುದು ಬಾಡ್ತದೆ ಅಂತ.

ಶಾಂತಲಾ, ಮೈಸೂರು: ನನ್ನ ಪ್ರಶ್ನೆ ನನ್ನ ಬಳ್ಳಿ ಬಗ್ಗೆ ಇತ್ತು.

ಅಡ್ಮಿನ್: ಮಲ್ಲಿಗೆ ಸಾಕು. ಪ್ರಶ್ನೆಗೆ ಬನ್ನಿ.

ಶಶಿಕಲಾ, ತುಮಕೂರು: ಮೇಡಂ, ಚಿಕ್ಕ ಪ್ರಶ್ನೆ. ಗುಲಾಬಿ ಕುಂಡ ಬಗೆದಾಗ ಬೆಳ್ಳಗೆ, ದಪ್ಪಗೆ, ಇಂಗ್ಲಿಷ್ ಸಿ ಥರ ಸುತ್ತಿಕೊಂಡಿರೋ ಹುಳು ಸಿಕ್ತು, ಒಂದೊಂದ್ರಲ್ಲಿ ಹತ್ತು ಹನ್ನೆರಡು. ಬೇರು ತಿನ್ನೋ ಗೊಣ್ಣೆಹುಳು ಅಂದ್ರು. ನಮ್ಮ ಭಾವ ಊರಿಂದ ಹರಳು ಹರಳಾಗಿರೋ ಹುಳದ ಔಷಧಿ ತಂದುಕೊಟ್ರು, ಕುಂಡಕ್ಕೆ ಒಂದು ಟೀ ಚಮಚ ಹಾಕಿದೆ. ಕೊತ್ತಂಬರಿ, ಮೆಂತ್ಯ ಟ್ರೇಗೂ ಹಾಕಿದೆ, ಅಲ್ಲೂ ಹುಳು ಇತ್ತು. 12 ದಿನ ಆಯ್ತು. ಸೊಪ್ಪು ಎಷ್ಟು ದಿನ ಬಿಟ್ಟು ತಿನ್ನಬಹುದು?

ಮೇಡಂ: ಶಶಿಕಲಾ ಅವರೇ, ಪ್ಯಾಕೆಟ್ ಫೋಟೋ ಹಾಕಿ. ಈಗಲೇ. ಸೊಪ್ಪು ಮುಟ್ಟಬೇಡಿ.

ಶಶಿಕಲಾ, ತುಮಕೂರು: (ಫೋಟೋ) ಹೆಸರು ಅರ್ಧ ಹರಿದಿದೆ ಮೇಡಂ. ಫೋರೇಟ್ 10 ಜಿ ಅಂತ ಕಾಣುತ್ತೆ. ಕೆಂಪು ತ್ರಿಕೋನ ಇದೆ.

ನಾಗರಾಜ, ಬೆಂಗಳೂರು: ಉಪ್ಪು, ಅರಿಶಿನದ ನೀರಲ್ಲಿ ಅರ್ಧ ಗಂಟೆ ನೆನೆಸಿ ತೊಳೆದ್ರೆ ಎಲ್ಲಾ ಕೆಮಿಕಲ್ ಹೋಗುತ್ತೆ ಮೇಡಂ. ಅಡುಗೆ ಸೋಡಾ ಆದ್ರೂ ಸರಿ.

ಮೇಡಂ: ನಾಗರಾಜ್, ಇದೊಂದು ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಿ. ಬೇಜಾರಾದ್ರೆ ಆಗಲಿ.

ಶಶಿಕಲಾ ಅವರೇ, ನಿಧಾನವಾಗಿ ಓದಿ. ನಮ್ಮಲ್ಲಿ ಕೀಟನಾಶಕದ ಪ್ಯಾಕೆಟ್ ಮೇಲೆ ಹಸಿರು, ನೀಲಿ, ಹಳದಿ, ಕೆಂಪು ಅಂತ ನಾಲ್ಕು ಬಣ್ಣದ ತ್ರಿಕೋನ ಇರುತ್ತೆ. ಕೆಂಪು ಅಂದ್ರೆ ಕಡು ವಿಷ. ಫೋರೇಟ್ ಅನ್ನೋದು ಕೇಂದ್ರ ಸರ್ಕಾರದ ಆದೇಶದಂತೆ 2020ರ ಡಿಸೆಂಬರ್ 31ಕ್ಕೆ ದೇಶದಲ್ಲೇ ನಿಂತುಹೋದ ಔಷಧಿ. ನಿಮ್ಮ ಭಾವನಿಗೆ ಸಿಕ್ಕಿದ್ದು ಯಾರದೋ ಕೊಟ್ಟಿಗೆಯ ಅಟ್ಟದ ಹಳೇ ಮಾಲು ಇರಬೇಕು.

ತೊಳೆದ್ರೆ ಯಾಕೆ ಹೋಗಲ್ಲ ಅಂದ್ರೆ ಅದು ಎಲೆ ಮೇಲಿಲ್ಲ, ಎಲೆಯ ಒಳಗಿದೆ. ಹರಳು ನೀರಲ್ಲಿ ಬಿಟ್ಟುಕೊಂಡು, ಬೇರು ಕುಡಿದು, ರಸದ ಜೊತೆ ಕುಡಿ ತನಕ ಏರುತ್ತೆ. ಅದರ ಕೆಲಸವೇ ಅದು. ಮಣ್ಣಲ್ಲಿ ಬೇರೆ ರೂಪಕ್ಕೆ ತಿರುಗಿ ತಿಂಗಳುಗಟ್ಟಲೆ ಉಳಿಯುತ್ತೆ, ಆ ರೂಪಗಳೂ ವಿಷವೇ. ಹಾಗಾಗಿ "ಎಷ್ಟು ದಿನ ಬಿಟ್ಟು" ಅನ್ನೋದಕ್ಕೆ ಉತ್ತರ ಇಲ್ಲ. ತಿನ್ನೋ ಹಾಗಿಲ್ಲ.

ಪ್ರಮಾಣ ನೋಡಿ. ಇದನ್ನ ಹೊಲಕ್ಕೆ ಹಾಕ್ತಿದ್ದ ಕಾಲದಲ್ಲಿ ಹೆಕ್ಟೇರಿಗೆ 10ರಿಂದ 25 ಕೆ.ಜಿ. ಅಂದ್ರೆ ಒಂದು ಚದರಡಿಗೆ ಹೆಚ್ಚೆಂದ್ರೆ ಕಾಲು ಗ್ರಾಂ. ಟೀ ಚಮಚ ಅಂದ್ರೆ ನಾಲ್ಕೈದು ಗ್ರಾಂ. ಒಂದಡಿ ಅಗಲದ ಕುಂಡಕ್ಕೆ ಇಪ್ಪತ್ತು ಪಟ್ಟು ಹಾಕಿದ್ದೀರಿ.

ಈಗ ನಾನು ಕೇಳೋದಕ್ಕೆ ಉತ್ತರ ಕೊಡಿ. ಆ ಸೊಪ್ಪು ಯಾರಾದ್ರೂ ತಿಂದಿದ್ದಾರಾ? ಯಾವ ಕೈಯಲ್ಲಿ ಹಾಕಿದ್ರಿ? ಚಮಚ ಈಗ ಎಲ್ಲಿದೆ? ಮನೇಲಿ ಮಕ್ಕಳು, ನಾಯಿ, ಬೆಕ್ಕು? ಟೆರೇಸಲ್ಲಿ ಹಕ್ಕಿ ಸತ್ತಿದ್ದು ನೋಡಿದ್ರಾ?

ಸೌಮ್ಯ, ಶಿವಮೊಗ್ಗ: ಮೇಡಂ, ನನ್ನದು ದೋಣಿ ಅಲ್ಲ, ಒಂಥರಾ ಎರಡೂ ಕಡೆ ಇದೆ.

ಶಶಿಕಲಾ, ತುಮಕೂರು: ಮೇಡಂ ಕೈ ನಡುಗ್ತಿದೆ. ಮೊನ್ನೆ ಶುಕ್ರವಾರ ಸಾರಿಗೆ ಒಂದು ಹಿಡಿ ಕೊತ್ತಂಬರಿ ಹಾಕಿದ್ದೆ. ಯಾರಿಗೂ ಏನೂ ಆಗಿಲ್ಲ. ಬರೀ ಕೈಯಲ್ಲೇ ಹಾಕಿದ್ದು. ಚಮಚ ಗೊಬ್ಬರದ ಡಬ್ಬದಲ್ಲಿದೆ. ಮಗಳಿಗೆ ನಾಲ್ಕು ವರ್ಷ. ಹೋದ ವಾರ ಒಂದು ಪಾರಿವಾಳ ಟ್ರೇ ಹತ್ರ ಬಿದ್ದಿತ್ತು, ಬೆಕ್ಕು ಕಚ್ಚಿರಬೇಕು ಅಂದ್ಕೊಂಡ್ವಿ.

ಮೇಡಂ: ಬೆಕ್ಕಲ್ಲ. ಹರಳನ್ನ ಕಾಳು ಅಂತ ಹೆಕ್ಕಿರುತ್ತೆ.

ಹೆದರಬೇಡಿ, ಆದ್ರೆ ಈಗಲೇ ಮಾಡಿ. ಈ ವಿಷ ಏರಿದ್ರೆ ಸಾಮಾನ್ಯವಾಗಿ ಗಂಟೆಗಳಲ್ಲಿ, ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತೆ: ಬೆವರು, ಜೊಲ್ಲು, ವಾಂತಿ, ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗೋದು, ಮಾಂಸಖಂಡ ಅದುರೋದು. ಎರಡು ದಿನ ಕಳೆದಿದೆ, ಏನೂ ಆಗಿಲ್ಲ ಅನ್ನೋದು ಒಳ್ಳೇದು. ಆದ್ರೂ ನಾನು ಗಿಡದವಳು. ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, "ಫೋರೇಟ್" ಅನ್ನೋ ಹೆಸರು ಹೇಳಿ, ಪ್ಯಾಕೆಟ್ ಫೋಟೋ ಕಳಿಸಿ. ಮೇಲೆ ಹೇಳಿದ್ದರಲ್ಲಿ ಒಂದು ಕಂಡ್ರೂ ಮನೆಮದ್ದು ಬೇಡ, ಹಾಲು ಕುಡಿಸಿ ಕಾಯೋದು ಬೇಡ, 108ಕ್ಕೆ ಕರೆ ಮಾಡಿ.

ಟೆರೇಸ್ ಬಾಗಿಲಿಗೆ ಬೀಗ. ಕುಂಡಗಳಿಗೆ ನೀರು ಹಾಕಬೇಡಿ, ಹರಿದು ಬಂದ ನೀರಲ್ಲೂ ಇರುತ್ತೆ. ಟ್ರೇಯಿಂದ ನೀರು ಸೋರಿದ ಜಾಗದ ಕುಂಡಗಳನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ದಪ್ಪ ರಬ್ಬರ್ ಕೈಗವಸು, ಮುಖಕ್ಕೆ ಮಾಸ್ಕ್, ಗಾಳಿ ಇಲ್ಲದ ಹೊತ್ತು. ಧೂಳೇಳದಂತೆ ಮಣ್ಣಿನ ಮೇಲೆ ಚೂರು ನೀರು ಚಿಮುಕಿಸಿ. ಟ್ರೇಗಳ ಸೊಪ್ಪು, ಮಣ್ಣು, ಹುಳು, ಆ ಚಮಚ, ಗೊಬ್ಬರದ ಡಬ್ಬ ಎಲ್ಲಾ ಎರಡು ಪದರ ಚೀಲದಲ್ಲಿ ಕಟ್ಟಿ. ಮೇಲೆ ದಪ್ಪಕ್ಷರದಲ್ಲಿ "ವಿಷ" ಅಂತ ಬರೆದು, ಪಾಲಿಕೆಯ ಕಸದವರಿಗೆ ಬಾಯಲ್ಲೂ ಹೇಳಿ ಬೇರೆಯಾಗಿ ಕೊಡಿ. ಹಸಿ ಕಸಕ್ಕೆ ಹಾಕಿದ್ರೆ ಅದು ಗೊಬ್ಬರವಾಗಿ ಇನ್ನೊಬ್ಬರ ಕುಂಡಕ್ಕೆ ಹೋಗುತ್ತೆ. ಚರಂಡಿಗೆ ಬೇಡ, ಸುಡೋದು ಬೇಡವೇ ಬೇಡ. ಉಳಿದ ಪ್ಯಾಕೆಟ್ಟೂ ಹಾಗೇ. ಗುಲಾಬಿ ಬೇಕಾದ್ರೆ ಬದುಕಲಿ, ಆದ್ರೆ ಹೂ ಮುಡಿಯೋದು, ಮಗು ಮುಟ್ಟೋದು ಬೇಡ. ನನ್ನ ಕೇಳಿದ್ರೆ ಅದನ್ನೂ ಕಟ್ಟಿ ಕೊಟ್ಟುಬಿಡಿ.

ಗಿರೀಶ್, ಮಂಡ್ಯ: ಇದಕ್ಕೇ ಹೇಳೋದು, ಕೆಮಿಕಲ್ ಬಿಡಿ, ಜೀವಾಮೃತ ಹಾಕಿ ಅಂತ. ರಾಸಾಯನಿಕದವರೇ ಎಲ್ಲರನ್ನೂ ಹಾಳು ಮಾಡಿದ್ದು. ಇಲಾಖೆಯವರೇ ಹಂಚಿದ್ದಲ್ವಾ ಆಗ?

ಕೊಟ್ರೇಶ, ಹೂವಿನಹಡಗಲಿ: ನಿಮ್ಮ ಹತ್ತು ಥರದ ಎಲಿ ಹಾಕೋ ದಶಪರ್ಣಿ ಕಷಾಯದಾಗ ಕಣಗಿಲಿ, ಉಮ್ಮತ್ತಿ ಹಾಕಂಗಿಲ್ಲೇನು? ಅದೇನು ಅಮೃತನಾ?

ಗಿರೀಶ್, ಮಂಡ್ಯ: ಅದು ನೈಸರ್ಗಿಕ.

ಕೊಟ್ರೇಶ, ಹೂವಿನಹಡಗಲಿ: ಹಾವಿನ ವಿಷನೂ ನೈಸರ್ಗಿಕನs ಐತಿ.

ಮೇಡಂ: ಗಿರೀಶ್, ಹೌದು, ಇಲಾಖೆಯಲ್ಲಿದ್ದಾಗ ನಾನೂ ಶಿಫಾರಸು ಬರೆದಿದ್ದೇನೆ. ಹೊಲಕ್ಕೆ, ತೂಕ ಹೇಳಿ. ಅದರ ಚರ್ಚೆ ಇನ್ನೊಂದು ದಿನ. ಕೊಟ್ರೇಶ್ ಹೇಳಿದ್ದು ಸರಿ, ಕಣಗಿಲೆ ಹಾಕಿದ ಕಷಾಯ ಸೊಪ್ಪಿಗೆ ಹೊಡೀಬೇಡಿ, ಕಣಗಿಲೆ ಹೃದಯಕ್ಕೆ ಕೆಟ್ಟದ್ದು.

ಶಶಿಕಲಾ, ಇನ್ನೊಂದು ಮಾತು. ಆ ಹುಳು ಇನ್ನೂ ಒಂದಾದ್ರೂ ಬದುಕಿದ್ಯಾ? ಹರಳು ಹಾಕದ ಕುಂಡದಲ್ಲಿ ಇದ್ರೆ ಹುಡುಕಿ. ಕೈಗವಸು ಹಾಕಿ ನೆಲದ ಮೇಲೆ ಬಿಟ್ಟು ಎರಡು ನಿಮಿಷ ಸುಮ್ಮನೆ ನೋಡಿ. ಕಾಲೂರಿ ಪಕ್ಕಕ್ಕೆ ಹೊರಳಾಡುತ್ತೋ, ಇಲ್ಲ ಬೆನ್ನಿನ ಮೇಲೆ ಮಲಗಿ ಕಾಲು ಮೇಲೆತ್ತಿಕೊಂಡು ತೆವಳುತ್ತೋ ಹೇಳಿ.

ನಾಗರಾಜ, ಬೆಂಗಳೂರು: ಎಲ್ಲರ ಮುಂದೆ ಬಾಯಿ ಮುಚ್ಚು ಅನ್ನೋದು ಸರಿಯಲ್ಲ ಮೇಡಂ. ನಾನು ಒಳ್ಳೆ ಉದ್ದೇಶದಿಂದ ಹಾಕಿದ್ದು. ನಾನೂ ಹಿರಿಯ ನಾಗರಿಕ.

ಪ್ರಮೀಳಾ, ಉಡುಪಿ: ಅವರು ಮಗುವಿನ ಜೀವದ ವಿಷಯಕ್ಕೆ ಹೇಳಿದ್ದು. ನಿಮ್ಮ ಅರಿಶಿನದ ನೀರು ನಂಬಿ ತಿಂದಿದ್ದರೆ?

ನಾಗರಾಜ, ಬೆಂಗಳೂರು: ನಿಮ್ಮನ್ನ ಯಾರು ಕೇಳಿದ್ರು? ಅಟ್ಟೆ ಮಾರಿಕೊಳ್ಳಿ ಹೋಗಿ.

ಅಡ್ಮಿನ್: ನಾಗರಾಜ್ ಅವರೇ, ಕೊನೇ ಸಾಲು ಅಳಿಸಿ.

ಶಶಿಕಲಾ, ತುಮಕೂರು: ಡಾಕ್ಟರ್ ಹತ್ರ ಮಾತಾಡಿದೆ, ಸಂಜೆ ಎಲ್ಲರನ್ನೂ ಕರ್ಕೊಂಡು ಬನ್ನಿ ಅಂದ್ರು. ಬೀಗ ಹಾಕಿದೆ. ಮೇಡಂ, ಮೂಲೆಯ ಕಾಂಪೋಸ್ಟ್ ಡ್ರಮ್ಮಲ್ಲಿ ಅದೇ ಹುಳು ಸಿಕ್ತು. ಬೆನ್ನ ಮೇಲೆ ತೆವಳ್ತಾ ಇದೆ! ಕಾಲು ಆರೂ ಆಕಾಶಕ್ಕೆ. ಸಾಕಷ್ಟು ಜೋರಾಗೇ ಹೋಗ್ತಿದೆ.

ಮೇಡಂ: ಹಾಗಾದ್ರೆ ಅದು ಬೇರು ತಿನ್ನೋ ಗೊಣ್ಣೆಹುಳು ಅಲ್ಲ. ಹೂ ದುಂಬಿಯ ಮರಿ. ಅರೆಬೆಂದ ಸಗಣಿ, ಕೊಳೆತ ಎಲೆ ತಿಂದು ಗೊಬ್ಬರ ಮಾಡುತ್ತೆ, ಜೀವಂತ ಬೇರಿನ ತಂಟೆಗೆ ಬರಲ್ಲ. ನಿಮ್ಮ ಕುಂಡದಲ್ಲಿ ಗೊಬ್ಬರ ಪೂರ್ತಿ ಕಳಿತಿರಲಿಲ್ಲ, ಅದಕ್ಕೇ ಮೊಟ್ಟೆ ಇಟ್ಟಿದೆ. ಮುಂದಿನ ಸಲ ಗೊಬ್ಬರ ಜರಡಿ ಹಿಡಿದು, ಸಿಕ್ಕಿದ್ದನ್ನ ಡ್ರಮ್ಮಿಗೆ ಹಾಕಿ ಬಿಡಿ. ನಿಜವಾದ ಗೊಣ್ಣೆಹುಳು ಬಂದ್ರೂ ಮನೆ ಕುಂಡಕ್ಕೆ ಕೈಯಲ್ಲಿ ಹೆಕ್ಕೋದೇ ಔಷಧಿ. ಬೇಕಿದ್ರೆ ಮೆಟರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಗೊಬ್ಬರದಲ್ಲಿ ಬೆರೆಸಿ.

ಶಶಿಕಲಾ, ತುಮಕೂರು: ಅಯ್ಯೋ. ಅದು ಏನೂ ಮಾಡ್ತಾನೇ ಇರಲಿಲ್ವಾ?

ಮೇಡಂ: ಇಲ್ಲ.

ಗೀತಾ, ದಾವಣಗೆರೆ: ಮೇಡಂ ಮೆಣಸಿನ ಗಿಡದ ಎಲೆ ಮುದುರಿದೆ, ಏನು ಹಾಕಬೇಕು?

ಮೇಡಂ: 10 ಗಂಟೆಯ ಉತ್ತರ ನೋಡಿ. ನಾನು ಹೊರಟೆ. ಶಶಿಕಲಾ, ಸಂಜೆ ಡಾಕ್ಟರ್ ಏನಂದ್ರು ಅಂತ ನನಗೆ ನೇರ ಮೆಸೇಜ್ ಮಾಡಿ, ಎಷ್ಟು ಹೊತ್ತಾದ್ರೂ.

ವಿನಯ್, ನ್ಯೂಜೆರ್ಸಿ: ಕರಿಬೇವು?