ಅಡಿಕೆ ಸುಗ್ಗಿ ಹೊತ್ತಲ್ಲಿ ಊರಮನೆಯಲ್ಲಿ ಪುಟ್ಟ ಮಕ್ಕಳ ಹುಟ್ಟುಹಬ್ಬ

ಡಿಸೆಂಬರ್ ರಜೆಗೆ ಬಂದಾಗ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಮನೆಯಲ್ಲೇ ಎರಡು ವರ್ಷದ ಮಗುವಿನ ಹುಟ್ಟುಹಬ್ಬ ಮಾಡುವವರು ಮೊದಲು ಮಕ್ಕಳ ಪಾರ್ಟಿಯನ್ನೂ ನೆಂಟರ ಊಟವನ್ನೂ ಬೇರೆ ಮಾಡಿ. ಊರೆಲ್ಲ ಕರೆಯಬೇಕೆಂಬ ಅಜ್ಜ-ಅಜ್ಜಿಯ ಆಸೆ ನ್ಯಾಯವೇ. ಆದರೆ ನೂರು ಹೊಸ ಮುಖ ಒಟ್ಟಿಗೆ ಕಂಡರೆ ಮಗು ಸೊಂಟ ಬಿಟ್ಟು ಇಳಿಯುವುದಿಲ್ಲ. ಬೆಳಿಗ್ಗೆ 10ಕ್ಕೆ ಶುರು ಮಾಡಿ 11.30ಕ್ಕೆ ಮುಗಿಸಿ, ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಮಗು ಮಲಗಿರಲಿ. ಎಂಟು-ಹತ್ತು ಮಕ್ಕಳು ಸಾಕು, ಒಬ್ಬೊಬ್ಬರಿಗೂ ಒಬ್ಬ ದೊಡ್ಡವರು ಇರಲೇಬೇಕು. ಅಮೆರಿಕದಿಂದ ಬರುವವರು ಮೊದಲ ವಾರ ಬಿಟ್ಟುಬಿಡಿ, ಮಗುವಿನ ಹಗಲು-ರಾತ್ರಿ ಇನ್ನೂ ಸರಿಹೋಗಿರುವುದಿಲ್ಲ.

ಅಲಂಕಾರಕ್ಕಿಂತ ಅಂಗಳದ ಚಿಂತೆ ಮುಖ್ಯ. ಸುಗ್ಗಿಯಲ್ಲಿ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಒಣಗಿದ ಅಡಿಕೆ ಗುಂಡಗೆ, ಕಲ್ಲಿನಂತೆ ಗಟ್ಟಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರವೇ. ಮಕ್ಕಳು ಆಡುವ ಜಾಗವನ್ನು ಹಿಂದಿನ ಸಂಜೆಯೇ ಗುಡಿಸಿ, ಚಾಪೆ ಹಾಸುವ ಮೊದಲು ಇನ್ನೊಮ್ಮೆ ಕೂತು ನೋಡಿ, ನಿಂತು ನೋಡಿದರೆ ಮೂಲೆಯ ಅಡಿಕೆ ಕಾಣುವುದಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಅಟ್ಟ ಸೇರಲಿ. ಅಡಿಕೆ ಬೇಯಿಸುವ ಒಲೆ ಆ ಬೆಳಿಗ್ಗೆ ಹೊತ್ತಿಸುವುದು ಬೇಡ, ಬಚ್ಚಲಿಗೆ ಚಿಲಕ ಹಾಕಿ, ಬಾವಿಗೆ ಬಲೆ ಇದೆಯೇ ನೋಡಿ. ಕಾಡಂಚಿನ ದರಕಿನ (ಒಣ ಎಲೆಯ) ರಾಶಿಯ ಕಡೆ ಮಕ್ಕಳನ್ನು ಬಿಡಲೇಬೇಡಿ: ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಲ ಅದೇ.

ತಿಂಡಿಗೆ ಪುಟ್ಟ ಇಡ್ಲಿ, ಮಾಗಿದ ಬಾಳೆಹಣ್ಣು, ಮೊಸರನ್ನ ಸಾಕು. ಹತ್ತು ಮಕ್ಕಳ ಮೊಸರನ್ನಕ್ಕೆ ಒಂದು ಲೋಟ ಅಕ್ಕಿ, ನಾಲ್ಕು ಲೋಟ ನೀರು. ಮೆತ್ತಗೆ ಬೆಂದು ಆರಿದ ಮೇಲೆ ಎರಡು ಲೋಟ ಕಾಯಿಸಿ ಆರಿಸಿದ ಹಾಲು, ಅರ್ಧ ಲೋಟ ಮೊಸರು. ಮೊಸರೇ ಹೆಚ್ಚಾದರೆ ಬಡಿಸುವಷ್ಟರಲ್ಲಿ ಹುಳಿ ಬರುತ್ತದೆ. ಒಗ್ಗರಣೆ ದೊಡ್ಡವರಿಗೆ ಮಾತ್ರ. ದ್ರಾಕ್ಷಿ ಇದ್ದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡಕ್ಕೆ ಕೊಯ್ದರೆ ಗುಂಡಗೇ ಉಳಿದು ಅಪಾಯ ಹೋಗುವುದಿಲ್ಲ. ಶೇಂಗಾ, ಪಾಪ್‌ಕಾರ್ನ್, ಚಕ್ಕುಲಿ ಚಾಪೆಯ ಹತ್ತಿರ ಬರಬಾರದು. ಬಂದ ಮಕ್ಕಳಲ್ಲಿ ವರ್ಷ ತುಂಬದ ಕೂಸಿದ್ದರೆ ಅದಕ್ಕೆ ಜೇನು ನೆಕ್ಕಿಸಬಾರದು, ಮನೆಯ ತುಡುವೆ ಜೇನಾದರೂ ಸರಿ. ನೀರು ಕುದಿಸಿ ಆರಿಸಿದ್ದು. ಕೇಕ್ ಶಿವಮೊಗ್ಗದಿಂದ ತರಿಸುವುದಾದರೆ ಕ್ರೀಮ್ ಇಲ್ಲದ್ದೇ ಹೇಳಿ; ತಿರುವಿನ ದಾರಿಯಲ್ಲಿ ಕ್ರೀಮ್ ಒಂದು ಕಡೆ ಜಾರುತ್ತದೆ.

ಆಟಕ್ಕೆ ಬಾಡಿಗೆಯ ಜಾರುಬಂಡೆ ಏಕೆ, ಮಕ್ಕಳನ್ನು ಕೂರಿಸಿ ಎಳೆಯಲು ತೋಟದಲ್ಲಿ ಅಡಿಕೆ ಹಾಳೆ ಬಿದ್ದಿರುತ್ತದೆ! ದಿಂಡು ಗಟ್ಟಿಯಿರುವ, ಸೀಳಿರದ ಅಗಲ ಹಾಳೆ ಆರಿಸಿ, ಸೋಗೆಯ ಗರಿ ಸವರಿ ತೆಗೆದು, ಚೂಪಾದ ಅಂಚು ಕತ್ತರಿಸಿ. ಎರಡು ವರ್ಷದವರು ಒಬ್ಬರೇ ಕೂತರೆ ಮೊದಲ ಎಳೆತಕ್ಕೇ ಹಿಂದಕ್ಕೆ ಬೀಳುತ್ತಾರೆ. ಏಳೆಂಟು ವರ್ಷದ ಅಕ್ಕನೋ ಅಣ್ಣನೋ ಹಿಂದೆ ಕೂತು ಹಿಡಿದುಕೊಳ್ಳಲಿ, ಎಳೆಯುವವರು ದೊಡ್ಡವರಾಗಿದ್ದು ನಿಧಾನ ನಡೆಯಲಿ. ಕಲ್ಲು ಹಾಸಿದ ಅಂಗಳ ಬೇಡ, ಸಗಣಿ ಸಾರಿಸಿದ್ದೇ ಒಳ್ಳೆಯದು. ಒಡೆದ ಬಲೂನಿನ ಚೂರು ಉಸಿರುಗಟ್ಟಿಸುತ್ತದೆ, ಆದ್ದರಿಂದ ಬಲೂನಿನ ಬದಲು ಮಾವಿನ ತೋರಣ, ಸೇವಂತಿಗೆ ಮಾಲೆ.

ಮರುಉಡುಗೊರೆಗೆ ಮಿನುಗುವ ಆಟಿಕೆ ಬೇಡ. ಅದರ ಗುಂಡಿ ಬ್ಯಾಟರಿ ಹೊಟ್ಟೆಗೆ ಹೋಗುವ ದಾರಿಯಲ್ಲಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡತೊಡಗುತ್ತದೆ. ಮಗುವಿನ ಮುಷ್ಟಿಗಿಂತ ದೊಡ್ಡ ಬಟ್ಟೆಯ ಚೆಂಡು ಕೊಡಿ.