ಬೇಸಿಗೆಯ ಓಟದಲ್ಲಿ ಹೀಟ್ ಸ್ಟ್ರೋಕ್: ಆಂಬ್ಯುಲೆನ್ಸ್ ಒಂದನ್ನೇ ನಂಬಬಹುದೇ?

ಪ್ರಶ್ನೆ: ದೈಹಿಕ ಶಿಕ್ಷಣ ಶಿಕ್ಷಕ, ಬಳ್ಳಾರಿ ಜಿಲ್ಲೆ

ನಮ್ಮ ತಾಲ್ಲೂಕಿನ ಕ್ರೀಡಾ ಸಂಘದವರು ಮಾರ್ಚ್ ಕೊನೆಯ ವಾರ 10 ಕಿಲೋಮೀಟರ್ ಓಟವೊಂದನ್ನು ಏರ್ಪಡಿಸಿದ್ದು, ವೈದ್ಯಕೀಯ ಸಿದ್ಧತೆಯ ಹೊಣೆಯನ್ನು ನನಗೆ ವಹಿಸಿದ್ದಾರೆ. ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಪದವಿ ವಿದ್ಯಾರ್ಥಿಗಳು. ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರೂ ಸಾಕಷ್ಟು ಇದ್ದಾರೆ. ಈ ಮಕ್ಕಳಿಗೆ ಓಟವನ್ನು ನಡುವೆ ಬಿಡುವುದೆಂದರೆ ಅವಮಾನ. ಕಣ್ಣು ಕತ್ತಲಿಟ್ಟರೂ ಓಡುತ್ತಲೇ ಇರುತ್ತಾರೆ ಎಂಬುದೇ ನನ್ನ ದೊಡ್ಡ ಆತಂಕ.

ಸದ್ಯಕ್ಕೆ ಒಂದು ಆಂಬ್ಯುಲೆನ್ಸ್, ಓಆರ್‌ಎಸ್ ಪೊಟ್ಟಣಗಳು, ಗ್ಲೂಕೋಸ್ ಪುಡಿ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವಿಷ್ಟನ್ನು ಗೊತ್ತು ಮಾಡಿದ್ದೇವೆ. ತೀವ್ರ ನಿಗಾ ಘಟಕವಿರುವ ಆಸ್ಪತ್ರೆ ಮುಟ್ಟಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಓಡುತ್ತಿದ್ದವರು ಕುಸಿದಾಗ ಅದು ಸಾಮಾನ್ಯ ತಲೆಸುತ್ತೋ ಹೀಟ್ ಸ್ಟ್ರೋಕೋ ಎಂದು ಗುರುತಿಸುವುದು ಹೇಗೆ? ಆಂಬ್ಯುಲೆನ್ಸ್ ಹೊರಡುವ ಮುನ್ನ ನಾವು ಮಾಡಬೇಕಾದದ್ದೇನು? ಕಾದ ಮೈಗೆ ಒಮ್ಮೆಲೇ ತಣ್ಣೀರು ಸುರಿದರೆ ಅಪಾಯ ಎಂದು ಸಂಘದ ಹಿರಿಯರು ಹೇಳುತ್ತಿದ್ದಾರೆ, ಅದು ನಿಜವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ತುರ್ತು ಚಿಕಿತ್ಸಾ ವೈದ್ಯೆ

ನಿಮ್ಮ ಸಿದ್ಧತೆಯಲ್ಲಿ ಇರಲೇಬೇಕಾದ ಒಂದು ವಸ್ತು ಇನ್ನೂ ಸೇರಿಲ್ಲ, ಅದು ಮನುಷ್ಯನನ್ನು ಕುತ್ತಿಗೆಯವರೆಗೆ ಮುಳುಗಿಸಬಹುದಾದ ತಣ್ಣೀರಿನ ತೊಟ್ಟಿ. ಆಂಬ್ಯುಲೆನ್ಸ್ ಬೇಕು, ನಿಜ. ಆದರೆ ಶ್ರಮದಿಂದ ಬರುವ ಹೀಟ್ ಸ್ಟ್ರೋಕಿನಲ್ಲಿ ಜೀವ ಉಳಿಯುವುದು ಕುಸಿದ ಜಾಗದಲ್ಲೇ ಮೈಯನ್ನು ತಣಿಸಿದಾಗ. ಮೊದಲು ತಂಪು, ಆಮೇಲೆ ಸಾಗಣೆ ಎಂಬುದು ಕ್ರೀಡಾ ವೈದ್ಯಕೀಯದಲ್ಲಿ ಇಂದು ಎಲ್ಲರೂ ಒಪ್ಪಿದ ಕ್ರಮ. ಮೈಯೊಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಎಷ್ಟು ಏರಿತ್ತು ಎಂಬುದಕ್ಕಿಂತ ಎಷ್ಟು ಹೊತ್ತು ಏರಿಯೇ ಇತ್ತು ಎಂಬುದು ಮೆದುಳು, ಯಕೃತ್ತು ಮತ್ತು ಮೂತ್ರಪಿಂಡಗಳ ಗತಿಯನ್ನು ತೀರ್ಮಾನಿಸುತ್ತದೆ. ಕುಸಿದ 30 ನಿಮಿಷಗಳೊಳಗೆ ತಾಪವನ್ನು ಇಳಿಸಿಬಿಟ್ಟರೆ ಬಹುತೇಕ ಎಲ್ಲರೂ ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ. ನಿಮ್ಮ ಆಸ್ಪತ್ರೆಯ ದಾರಿಯೇ ಆ 30 ನಿಮಿಷಗಳನ್ನು ನುಂಗಿಬಿಡುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಫಾಲ್ಮತ್ ರಸ್ತೆ ಓಟ ಸುಮಾರು 11 ಕಿಲೋಮೀಟರಿನದು, ನಿಮ್ಮ ಓಟಕ್ಕೆ ಬಹಳ ಹತ್ತಿರದ ದೂರ. ಅಲ್ಲಿ 18 ವರ್ಷಗಳ ಅವಧಿಯಲ್ಲಿ ಹೀಟ್ ಸ್ಟ್ರೋಕಿಗೆ ಒಳಗಾದ 274 ಓಟಗಾರರನ್ನು ಸ್ಥಳದಲ್ಲೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಚಿಕಿತ್ಸೆ ನೀಡಲಾಯಿತು, ಅವರೆಲ್ಲರೂ ಬದುಕಿದರು. ಇದಕ್ಕೆ ಎದುರಾಗಿ, 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಫುಟ್‌ಬಾಲ್ ಆಟಗಾರ ಜೋರ್ಡಾನ್ ಮೆಕ್‌ನೇರ್ ಅಭ್ಯಾಸದ ವೇಳೆ ಅಸ್ವಸ್ಥನಾದಾಗ ಅವನ ಗುದದ ತಾಪವನ್ನು ಅಳೆಯಲಿಲ್ಲ, ತಣ್ಣೀರಿನಲ್ಲಿ ಮುಳುಗಿಸಲೂ ಇಲ್ಲ. ಜೂನ್ 13ರಂದು ಅವನು ತೀರಿಕೊಂಡ. ಸೌಕರ್ಯಗಳಿಗೆ ಕೊರತೆಯಿಲ್ಲದ ಜಾಗದಲ್ಲಿ ನಡೆದದ್ದು ಇದು. ಹೀಗಾಗಿ ಹಣದ ಮಾತನ್ನು ಮುಂದೆ ಮಾಡಿ ತೊಟ್ಟಿಯನ್ನು ಕೈಬಿಡಬೇಡಿ ಎಂದು ನಿಮ್ಮ ಸಂಘದವರಿಗೆ ಒತ್ತಿ ಹೇಳಿ.

ಗುರುತಿಸುವ ವಿಚಾರ. ಗೆರೆ ದಾಟಿದ ಕೂಡಲೇ ಕುಸಿಯುವವರಲ್ಲಿ ಹೆಚ್ಚಿನವರಿಗೆ ಆಗಿರುವುದು ರಕ್ತದೊತ್ತಡದ ಇಳಿತ ಮಾತ್ರ. ಅವರನ್ನು ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಸರಿಯಾಗಿ ಮಾತನಾಡುತ್ತಾರೆ. ಹೀಟ್ ಸ್ಟ್ರೋಕಿನಲ್ಲಿ ಕೆಡುವುದು ಬುದ್ಧಿ. ಸಂಬಂಧವಿಲ್ಲದ ಮಾತು, ಸಿಟ್ಟು, ಬೈಗುಳ, ಓಲಾಟ, ತಪ್ಪು ದಿಕ್ಕಿಗೆ ಓಡುವುದು, ತನ್ನ ಊರಿನ ಹೆಸರನ್ನೇ ಹೇಳಲಾಗದಿರುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು ಇವೆಲ್ಲ ಅದರ ಗುರುತುಗಳು. ಮೈ ಒಣಗಿ ಕೆಂಪಾಗಿರಬೇಕೆಂದು ಹಳೆಯ ಪಠ್ಯಗಳಲ್ಲಿ ಓದಿದವರು ಮೋಸ ಹೋಗುತ್ತಾರೆ. ಓಡುತ್ತಿದ್ದವನ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಕೆಲವರು ನಡುವೆ ಸ್ವಲ್ಪ ಹೊತ್ತು ಸರಿಯಾದಂತೆ ಕಂಡು, ಎದ್ದು ಕುಳಿತು, ಮತ್ತೆ ಕುಸಿಯುವುದೂ ಉಂಟು. ಆ ನಡುವಿನ ತಿಳಿವನ್ನು ನಂಬಿ ಮನೆಗೆ ಕಳುಹಿಸಬಾರದು.

ಹಿರಿಯರ ಭಯಕ್ಕೆ ಒಂದು ಹಿನ್ನೆಲೆ ಇದೆ. ತಣ್ಣೀರು ತಾಗಿದರೆ ಚರ್ಮದ ರಕ್ತನಾಳಗಳು ಕುಗ್ಗಿ, ನಡುಕ ಹುಟ್ಟಿ, ಒಳಗಿನ ತಾಪ ಇನ್ನಷ್ಟು ಏರುತ್ತದೆ ಎಂದು ವೈದ್ಯರೂ ಒಂದು ಕಾಲದಲ್ಲಿ ವಾದಿಸುತ್ತಿದ್ದರು. ಅಳತೆ ಮಾಡಿ ನೋಡಿದಾಗ ಈ ವಾದ ನಿಲ್ಲಲಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ತಾಪವನ್ನು ಒಯ್ಯುತ್ತದೆ. ರಕ್ತನಾಳಗಳು ಕುಗ್ಗುವುದರಿಂದ ಆಗುವ ಅಡ್ಡಿ ಇದರೆದುರು ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ಹಿಂಜರಿಯದೆ ಮುಳುಗಿಸಿ.

ಒಂದೇ ಎಚ್ಚರಿಕೆ: ಕುಸಿದವನಿಗೆ ಉಸಿರಾಟವೋ ನಾಡಿಯೋ ಇಲ್ಲದಿದ್ದರೆ ಅದು ಹೃದಯಸ್ತಂಭನ. ಆಗ ತೊಟ್ಟಿಯ ಮಾತು ಬಿಟ್ಟು ಕೂಡಲೇ ಎದೆಯೊತ್ತು (ಸಿಪಿಆರ್) ಆರಂಭಿಸಬೇಕು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಸುರಿಯುವುದು, ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು ಇವುಗಳಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ; ನೀರು ಶ್ವಾಸನಾಳಕ್ಕೆ ಇಳಿದರೆ ಇನ್ನೊಂದು ಆಪತ್ತು. ಪ್ಯಾರಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಸೋಂಕಿನ ಜ್ವರವಲ್ಲ. ಈಗಾಗಲೇ ನೊಂದಿರುವ ಯಕೃತ್ತಿಗೆ ಅದು ಹೊರೆಯೂ ಆಗಬಹುದು.

ಉತ್ತರ 2: ಶುಶ್ರೂಷಕಿ, ಓಟಗಳ ವೈದ್ಯಕೀಯ ಡೇರೆಗಳಲ್ಲಿ ಕೆಲಸ ಮಾಡುವವರು, ಬೆಂಗಳೂರು

ಮೇಲಿನ ಉತ್ತರಕ್ಕೆ ಕೈಕೆಲಸದ ವಿವರಗಳನ್ನು ಸೇರಿಸುತ್ತೇನೆ.

ತಾಪವನ್ನು ಅಳೆಯುವುದು ಗುದದಿಂದಲೇ ಆಗಬೇಕು. ಹಣೆಗೆ ಹಿಡಿಯುವ ಉಪಕರಣ, ಕಿವಿಯ, ಕಂಕುಳಿನ, ಬಾಯಿಯ ಥರ್ಮಾಮೀಟರುಗಳೆಲ್ಲ ಓಡಿ ಬೆವರಿದ ಮೈಯಲ್ಲಿ ನಿಜಕ್ಕಿಂತ ಕಡಿಮೆ ತೋರಿಸುವುದೇ ಹೆಚ್ಚು. ಒಳಗೆ 41 ಡಿಗ್ರಿ ಇರುವ ಹುಡುಗನ ಹಣೆ 37 ಎಂದು ತೋರಿಸಿದರೆ ನೀವು ಅವನನ್ನು ನೆರಳಿನಲ್ಲಿ ಕೂರಿಸಿ ಸುಮ್ಮನಾಗುತ್ತೀರಿ. ನಮ್ಮ ಕಡೆ ಇದಕ್ಕೆ ಸಂಕೋಚ ಬಹಳ, ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಡೇರೆಯೊಳಗೆ ನಾಲ್ಕೂ ಕಡೆ ಪರದೆ, ಮಹಿಳಾ ಸಿಬ್ಬಂದಿ, ಹೊದಿಸಲು ಬಟ್ಟೆ ಇವನ್ನು ಮೊದಲೇ ಏರ್ಪಡಿಸಬೇಕು; ಅಗತ್ಯ ಬಿದ್ದರೆ ಹೀಗೆ ಅಳೆಯುತ್ತೇವೆ ಎಂಬ ಸಾಲನ್ನು ನೋಂದಣಿಯ ಒಪ್ಪಿಗೆ ಪತ್ರದಲ್ಲೇ ಸೇರಿಸಬೇಕು. ಇದು ತರಬೇತಿ ಪಡೆದ ವೈದ್ಯರು ಅಥವಾ ದಾದಿಯರ ಕೆಲಸ, ಸ್ವಯಂಸೇವಕರದ್ದಲ್ಲ. ಸಾಧ್ಯವಾದರೆ ತಂತಿಯ ತುದಿಯಲ್ಲಿ ಮೃದುವಾದ ಸಂವೇದಕವಿರುವ, ಮುಳುಗಿರುವಾಗಲೂ ಒಳಗೇ ಉಳಿದು ತಾಪವನ್ನು ತೋರಿಸುತ್ತಲೇ ಇರುವ ಉಪಕರಣವನ್ನು ತರಿಸಿ. ಅಳೆಯುವ ಅನುಕೂಲವೇ ಇಲ್ಲದಿದ್ದರೆ, ಬಿಸಿಲಿನಲ್ಲಿ ಓಡಿ ಕುಸಿದವರ ಬುದ್ಧಿ ಕೆಟ್ಟಿರುವುದನ್ನೇ ಆಧಾರವಾಗಿ ಹಿಡಿದು ತಣಿಸಲು ಆರಂಭಿಸಬೇಕು, ಕಾಯಬಾರದು.

ತೊಟ್ಟಿಗೆ ದುಬಾರಿ ಸಾಮಗ್ರಿ ಬೇಕಿಲ್ಲ. ದನಗಳಿಗೆ ನೀರಿಡುವ ದೊಡ್ಡ ಪ್ಲಾಸ್ಟಿಕ್ ಬಾನಿ, ಮಕ್ಕಳ ಗಾಳಿ ತುಂಬುವ ಈಜುಕೊಳ ಯಾವುದಾದರೂ ಸರಿ; ವಯಸ್ಕನೊಬ್ಬನ ಮುಂಡ ಮತ್ತು ತೊಡೆಗಳು ಮುಳುಗುವಷ್ಟು ಅಗಲವಿರಲಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ತುಂಬಿ ನೆರಳಿನಲ್ಲಿಡಿ. ಐಸ್ ಗಡ್ಡೆಗಳನ್ನು ಮುರಿದು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಪಕ್ಕದಲ್ಲೇ ಇಟ್ಟುಕೊಳ್ಳಿ. ನೀರಿನ ಮೇಲೆ ಐಸ್ ತೇಲುತ್ತಲೇ ಇರಬೇಕು. ಆದರೆ ಐಸ್ ಕರಗಿ ಹೋಯಿತೆಂದು ಕೈಚೆಲ್ಲಬೇಡಿ. ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗವೊಂದರಲ್ಲಿ 2 ಡಿಗ್ರಿಯ ನೀರು ನಿಮಿಷಕ್ಕೆ 0.35 ಡಿಗ್ರಿಯಂತೆ ತಾಪವನ್ನು ಇಳಿಸಿದರೆ, 20 ಡಿಗ್ರಿಯ ನೀರು ಕೂಡ ನಿಮಿಷಕ್ಕೆ 0.19 ಡಿಗ್ರಿಯಂತೆ ಇಳಿಸಿತು. ಕಂಕುಳು ಮತ್ತು ತೊಡೆಸಂದಿಗೆ ಮಾತ್ರ ಐಸ್ ಚೀಲ ಇಟ್ಟು ಫ್ಯಾನ್ ಹಾಕುವ ಕ್ರಮ ಈ ವೇಗದ ಹತ್ತಿರಕ್ಕೂ ಬರುವುದಿಲ್ಲ.

ಮುಳುಗಿಸುವಾಗ ಒಬ್ಬರು ತಲೆಯ ಹಿಂದೆ ನಿಂತು, ಎರಡೂ ಕಂಕುಳಿನಡಿ ಟವೆಲ್ ಹಾಯಿಸಿ, ಮುಖ ನೀರಿನ ಮೇಲೆ ಉಳಿಯುವಂತೆ ಹಿಡಿದಿರಬೇಕು. ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಇನ್ನೊಬ್ಬರು ನೀರನ್ನು ಕದಡುತ್ತಲೇ ಇರಬೇಕು. ನಿಂತ ನೀರಿನಲ್ಲಿ ಮೈಗಂಟಿದ ಪದರ ಬೆಚ್ಚಗಾಗಿ ತಣಿಸುವ ವೇಗ ಇಳಿಯುತ್ತದೆ. ತಲೆಗೆ ಒದ್ದೆ ಬಟ್ಟೆ ಹಾಕಿ ಪದೇಪದೇ ಬದಲಿಸಿ. ರೋಗಿ ಕೈಕಾಲು ಬಡಿಯಬಹುದು, ವಾಂತಿ ಮಾಡಬಹುದು, ಬಿಡಿ ಎಂದು ಕೂಗಬಹುದು. ನಾಲ್ಕೈದು ಗಟ್ಟಿಮುಟ್ಟಾದ ಜನ ಸುತ್ತ ಇರಲಿ. ಒಳಗಿನ ತಾಪ 39 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೊರತೆಗೆಯಿರಿ, ಇಲ್ಲವಾದರೆ ಅತಿಯಾಗಿ ತಣ್ಣಗಾಗುತ್ತಾರೆ. ಅಳತೆ ಇಲ್ಲದಿದ್ದಲ್ಲಿ 10ರಿಂದ 15 ನಿಮಿಷ ಎಂಬುದು ರೂಢಿಯಲ್ಲಿರುವ ಸಲಹೆ.

ತೊಟ್ಟಿಯಿಂದ ದೂರದಲ್ಲಿ, ರಸ್ತೆಯ ನಡುವೆ ಯಾರಾದರೂ ಬಿದ್ದರೆ ರೈತರು ರಾಶಿಗೆ ಹೊದಿಸುವ ತಾಡಪಾಲೇ ಸಾಕು. ಅದರ ಮೇಲೆ ಮಲಗಿಸಿ, ಅಂಚುಗಳನ್ನು ಸುತ್ತಲೂ ಎತ್ತಿ ಹಿಡಿದು, ನೀರು ಮತ್ತು ಐಸ್ ಸುರಿದು, ಆ ಕಡೆ ಈ ಕಡೆ ತೂಗಿದರೆ ತೊಟ್ಟಿಗೆ ಹತ್ತಿರದ ಫಲ ಸಿಗುತ್ತದೆ. ನಿಮ್ಮ ಸೈಕಲ್ ಮತ್ತು ಬೈಕ್ ಸ್ವಯಂಸೇವಕರ ಬಳಿ ತಲಾ ಒಂದು ತಾಡಪಾಲು ಇರಲಿ. ಓಟಕ್ಕೆ ಮುಂಚಿನ ವಾರ ಆರೋಗ್ಯವಂತ ಸ್ವಯಂಸೇವಕನನ್ನು ಮಲಗಿಸಿ ಇಡೀ ಕ್ರಮವನ್ನು ಒಮ್ಮೆ ಮಾಡಿ ನೋಡಿ. ಯಾರು ಎತ್ತುತ್ತಾರೆ, ಯಾರು 108ಕ್ಕೆ ಕರೆ ಮಾಡುತ್ತಾರೆ, ಯಾರು ಸಮಯ ಬರೆಯುತ್ತಾರೆ ಎಂಬುದು ಆಗ ಮಾತ್ರ ನಿಶ್ಚಯವಾಗುತ್ತದೆ.

ಉತ್ತರ 3: ಅಥ್ಲೆಟಿಕ್ಸ್ ತರಬೇತುದಾರ, ಮಂಗಳೂರು

ಕುಸಿದ ಮೇಲಿನ ಮಾತು ಬಂದಾಯಿತು. ಕುಸಿಯದಂತೆ ನೋಡಿಕೊಳ್ಳುವುದರ ಬಗ್ಗೆ ಬರೆಯುತ್ತೇನೆ.

ದಿನಾಂಕವನ್ನು ಬದಲಿಸಲು ಸಾಧ್ಯವಾದರೆ ಡಿಸೆಂಬರ್ ಅಥವಾ ಜನವರಿಗೆ ಬದಲಿಸಿ. ಸಾಧ್ಯವಿಲ್ಲದಿದ್ದರೆ ಸೂರ್ಯ ಹುಟ್ಟುವ ಮುಂಚೆಯೇ ಓಟ ಆರಂಭವಾಗಲಿ, ಮುಖ್ಯ ಅತಿಥಿಗಳ ಭಾಷಣ ಓಟದ ನಂತರವಿರಲಿ. ಅತಿಥಿಗಳು ಬರಲಿಲ್ಲವೆಂದು ಓಟವನ್ನು ಎಂಟು ಗಂಟೆಗೆ ತಳ್ಳುವ ರೂಢಿಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. 2019ರಲ್ಲಿ ದೋಹಾದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಅನ್ನು ನಡುರಾತ್ರಿ ಓಡಿಸಿದರೂ 68 ಮಂದಿಯಲ್ಲಿ 28 ಮಂದಿ ಓಟ ಮುಗಿಸಲಾಗಲಿಲ್ಲ. ಬಿಸಿಲಿಲ್ಲದಿದ್ದರೂ ತೇವ ತುಂಬಿದ ಬಿಸಿಗಾಳಿಯೇ ಅವರನ್ನು ಸೋಲಿಸಿತು. ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಸಪ್ಪೊರೊಗೆ ಸ್ಥಳಾಂತರಿಸಿದ್ದೂ ತಾಪದ ಭಯದಿಂದಲೇ.

ಹವಾಮಾನ ವರದಿಯ ಉಷ್ಣಾಂಶವೊಂದನ್ನೇ ನೋಡಿ ತೀರ್ಮಾನಿಸುವುದು ಸಾಲದು. ಗಾಳಿಯ ತಾಪ, ತೇವ, ಬಿಸಿಲು ಮೂರನ್ನೂ ಸೇರಿಸಿ ಲೆಕ್ಕ ಹಾಕುವ, ಕ್ರೀಡೆಯಲ್ಲಿ ಬಳಸುವ ಡಬ್ಲ್ಯೂಬಿಜಿಟಿ ಸೂಚ್ಯಂಕದಲ್ಲಿ ಒದ್ದೆ ಬತ್ತಿಯ ಥರ್ಮಾಮೀಟರಿಗೆ 0.7, ಬಿಸಿಲಿನಲ್ಲಿಟ್ಟ ಕಪ್ಪು ಗೋಳಕ್ಕೆ 0.2, ಸಾಮಾನ್ಯ ಗಾಳಿಯ ತಾಪಕ್ಕೆ 0.1 ಪಾಲು. ಉದಾಹರಣೆಗೆ ನಿಮ್ಮಲ್ಲಿ ಗಾಳಿ 38, ಗೋಳ 50, ಒದ್ದೆ ಬತ್ತಿ 22 ಇದ್ದರೆ ಸೂಚ್ಯಂಕ 29.2 ಆಗುತ್ತದೆ, ನಮ್ಮ ಕರಾವಳಿಯಲ್ಲಿ ಗಾಳಿ ಬರೀ 32, ಗೋಳ 44 ಇದ್ದರೂ ಒದ್ದೆ ಬತ್ತಿ 27 ಇರುವುದರಿಂದ ಸೂಚ್ಯಂಕ 30.9ಕ್ಕೆ ಏರುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಸೂಚ್ಯಂಕ 28 ದಾಟಿದರೆ ದೂರದ ಓಟವನ್ನು ಮುಂದೂಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1996ರಲ್ಲೇ ಸಲಹೆ ನೀಡಿತ್ತು. ಬಿಸಿಗೆ ಹೊಂದಿಕೊಂಡ ನಮ್ಮವರು ಸ್ವಲ್ಪ ಹೆಚ್ಚು ತಾಳಬಹುದಾದರೂ, ಒಂದು ಮಿತಿಯನ್ನು ಮೊದಲೇ ಬರೆದಿಟ್ಟು ಅದನ್ನು ದಾಟಿದರೆ ಓಟ ನಿಲ್ಲಿಸುವ ಅಧಿಕಾರವನ್ನು ವೈದ್ಯರಿಗೆ ಕೊಡಿ, ಸಂಘದ ಅಧ್ಯಕ್ಷರಿಗಲ್ಲ.

ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಮೊದಲ ದಿನಗಳಲ್ಲಿ ಕಡಿಮೆ ಹೊತ್ತು, ಕಡಿಮೆ ವೇಗದಲ್ಲಿ ಓಡಿಸಿ ನಿಧಾನವಾಗಿ ಏರಿಸಿದರೆ ಬೆವರು ಬೇಗ ಬರುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಹಿಂದಿನ ವಾರ ಜ್ವರವೋ ಭೇದಿಯೋ ಬಂದವರು, ರಾತ್ರಿ ನಿದ್ದೆಗೆಟ್ಟವರು, ನೆಗಡಿಗೆ ಕೆಲವು ಮಾತ್ರೆ ನುಂಗಿದವರು, ಅಭ್ಯಾಸವಿಲ್ಲದ ತೂಕದ ಮೈಯವರು ಸುಲಭವಾಗಿ ಬಲಿಯಾಗುತ್ತಾರೆ. ನೋಂದಣಿಯ ದಿನ ಇದನ್ನು ಕೇಳಿ, ಓಟದ ಬೆಳಿಗ್ಗೆ ಮತ್ತೊಮ್ಮೆ ಕೇಳಿ. ನೀರಿನ ಬಗ್ಗೆ ಒಂದು ಮಾತು: ನೀರು ಕುಡಿದವರಿಗೆ ಹೀಟ್ ಸ್ಟ್ರೋಕ್ ಬರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. 10 ಕಿಲೋಮೀಟರ್ ಓಟದಲ್ಲಿ ತಾಪ ಏರುವುದು ಮುಖ್ಯವಾಗಿ ವೇಗದಿಂದ. ಬಾಯಾರಿಕೆ ಇದ್ದಷ್ಟು ಕುಡಿಯಲಿ. ಬಲವಂತವಾಗಿ ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಅದರಿಂದಲೂ ಮತಿ ಕೆಡಬಹುದು.

ಪ್ರಶ್ನಿಸಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ತೊಟ್ಟಿ, ಐಸ್ ಮತ್ತು ತಾಡಪಾಲುಗಳ ಏರ್ಪಾಡಿಗೆ ಸಂಘದವರು ಒಪ್ಪಿದ್ದಾರೆ. ಆರಂಭದ ಹೊತ್ತನ್ನು ಬೆಳಿಗ್ಗೆ 5.30ಕ್ಕೆ ತಂದಿದ್ದೇವೆ. ಎರಡು ಸಂಶಯಗಳು ಉಳಿದಿವೆ. ತಣಿಸಿದ ಮೇಲೆ ಹುಡುಗ ಎದ್ದು ಚೆನ್ನಾಗಿ ಮಾತನಾಡಿದರೆ ಆಸ್ಪತ್ರೆಗೆ ಕಳುಹಿಸಲೇಬೇಕೇ? ನೇಮಕಾತಿ ಪರೀಕ್ಷೆ ಹತ್ತಿರವಿದ್ದರೆ ಅವನು ಮತ್ತೆ ಯಾವಾಗ ಓಡಬಹುದು?

ಉತ್ತರ 1ರ ವೈದ್ಯೆ

ಕಳುಹಿಸಲೇಬೇಕು. ಸ್ನಾಯುಗಳ ಕರಗುವಿಕೆ, ಯಕೃತ್ತಿನ ಹಾನಿ, ಮೂತ್ರಪಿಂಡದ ವೈಫಲ್ಯ, ರಕ್ತ ಹೆಪ್ಪುಗಟ್ಟುವಿಕೆಯ ಏರುಪೇರು ಇವು ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳಬಹುದು. ಮೂತ್ರ ಕಡಿಮೆಯಾದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಅದು ಗಂಭೀರ ಸೂಚನೆ. ಕುಸಿದ ಸಮಯ, ಮೊದಲ ತಾಪ, ತೊಟ್ಟಿಗಿಳಿಸಿದ ಮತ್ತು ಹೊರತೆಗೆದ ಸಮಯ, ಕೊನೆಯ ತಾಪ ಇವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗೆ ಕೊಡಿ; ಇಲ್ಲವಾದರೆ ಆಸ್ಪತ್ರೆಯಲ್ಲಿ 38 ಡಿಗ್ರಿ ನೋಡಿದ ವೈದ್ಯರು ಇದನ್ನು ಸಾಮಾನ್ಯ ಸುಸ್ತೆಂದು ಭಾವಿಸಬಹುದು. ಓಟದ ದಿನಕ್ಕಿಂತ ಮುಂಚೆ ಆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ನಿಮ್ಮ ಕ್ರಮವನ್ನು ವಿವರಿಸಿ ಬನ್ನಿ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯು 2024ರ ಬೇಸಿಗೆಯಲ್ಲಿ ತಣ್ಣೀರಿನ ತೊಟ್ಟಿಗಳಿರುವ ಘಟಕವನ್ನೇ ತೆರೆಯಿತು ಎಂದು ತಿಳಿಸಿದರೆ ಅಲ್ಲಿನವರಿಗೂ ಧೈರ್ಯ ಬಂದೀತು.

ಆಸ್ಪತ್ರೆಯಿಂದ ಬಂದ ಮೇಲೆ ಕನಿಷ್ಠ 7 ದಿನ ಯಾವ ವ್ಯಾಯಾಮವೂ ಬೇಡ. ನಂತರ ವೈದ್ಯರು ಪರೀಕ್ಷಿಸಿ, ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ (ಸ್ನಾಯುಗಳ ಹಾನಿಯನ್ನು ತೋರಿಸುವ ಕಿಣ್ವ), ಯಕೃತ್ತು ಮತ್ತು ಮೂತ್ರಪಿಂಡದ ಮಟ್ಟಗಳು ಸಹಜಕ್ಕೆ ಮರಳಿದ್ದರೆ ತಂಪು ಹೊತ್ತಿನಲ್ಲಿ ನಡಿಗೆಯಿಂದ ಆರಂಭಿಸಬಹುದು. ಅಲ್ಲಿಂದ ಸುಮಾರು ಎರಡು ವಾರಗಳಲ್ಲಿ ಹೊತ್ತು, ವೇಗ ಮತ್ತು ಬಿಸಿಲನ್ನು ಒಂದೊಂದಾಗಿ ಏರಿಸಬೇಕು. ಆಸ್ಪತ್ರೆ ಮತ್ತು ಪರೀಕ್ಷೆಗಳಿಗೆ ಹಿಡಿಯುವ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಚೆನ್ನಾಗಿ ಚೇತರಿಸಿಕೊಂಡವನಿಗೂ ಪೂರ್ಣ ವೇಗದ ಓಟಕ್ಕೆ ಮರಳಲು ಮೂರು ವಾರಕ್ಕಿಂತ ಹೆಚ್ಚು, ಸುಮಾರು ಒಂದು ತಿಂಗಳು ಬೇಕು. ತಣಿಸುವುದು ತಡವಾಗಿದ್ದವನಿಗೆ ಹಲವು ತಿಂಗಳುಗಳೂ ಹಿಡಿದಾವು. ಆ ನಡುವೆ 1600 ಮೀಟರ್ ಪರೀಕ್ಷೆಯ ಕರೆ ಬಂದರೆ ಮಗನನ್ನು ಕಳುಹಿಸಬೇಡಿ ಎಂದು ತಂದೆತಾಯಿಗೆ ನೀವೇ ಖುದ್ದಾಗಿ ಹೇಳಿ. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಬೇರೆ ದಿನಾಂಕ ಕೇಳುವ ಅರ್ಜಿಯನ್ನು ಬರೆದುಕೊಡಲು ನೆರವಾಗಿ.