ಘಾಟಿ ಏರುವಾಗ ಅಂಬಾಸಡರ್ ಸೊರಗುತ್ತದೆ, ಸೈಲೆನ್ಸರ್ ಸಿಡಿಯುತ್ತದೆ

ಪ್ರಶ್ನೆ, ಮೂಡಿಗೆರೆಯಿಂದ:
ಅಪ್ಪ 1978ರಲ್ಲಿ ಕೊಂಡ ಅಂಬಾಸಡರ್ ಮಾರ್ಕ್ 3, ಪೆಟ್ರೋಲ್, ಇವತ್ತಿಗೂ ನಮ್ಮ ಮನೆಯ ಗಾಡಿ. ಹೋದ ಭಾನುವಾರ ಧರ್ಮಸ್ಥಳದಿಂದ ಹಿಂದಿರುಗುವಾಗ ಚಾರ್ಮಾಡಿ ಘಾಟಿಯ ನಡುವೆ ಇದ್ದಕ್ಕಿದ್ದಂತೆ ಪಿಕಪ್ ಹೋಯಿತು. ಆಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿದ ಹಾಗೆ ಮುಗ್ಗರಿಸಿ, ಮರುಕ್ಷಣ ಸೈಲೆನ್ಸರಿನಲ್ಲಿ ಗರ್ನಾಲು ಹೊಡೆದಂಥ ಸದ್ದು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಹೆದರಿ ಇಳಿದೇಬಿಟ್ಟರು. ಮನೆಯಂಗಳದಲ್ಲಿ ಚಾಲೂ ಮಾಡಿ ನಿಲ್ಲಿಸಿದರೆ ಒಂದು ಚೂರೂ ತಪ್ಪುವುದಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಊದಿಸಿದೆ, ನಾಲ್ಕೂ ಪ್ಲಗ್ ಹೊಸದು ಹಾಕಿಸಿದೆ. ಇಲ್ಲಿನ ಮೆಕ್ಯಾನಿಕ್ ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರಿನ ಒಳಗೋಡೆ ಕೊರೆಸಬೇಕು ಎನ್ನುತ್ತಿದ್ದಾರೆ. ಅಪ್ಪ ಅಷ್ಟು ಜೋಪಾನ ಮಾಡಿದ ಎಂಜಿನ್ನನ್ನು ಕಾರಣ ತಿಳಿಯದೆ ಬಿಚ್ಚಿಸಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ, ತುಮಕೂರಿನಿಂದ:
ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ ನೋಡಿದಿರಾ? ಗಾಳಿಕಂಡಿ ಕಟ್ಟಿಕೊಂಡರೂ ಏರಿನಲ್ಲಿ ಪೆಟ್ರೋಲ್ ಸಾಲದೆ ಹೋಗುತ್ತದೆ.

ಉತ್ತರ, ಹಾಸನದಿಂದ:
ಎಂಜಿನ್ ಇಳಿಸಬೇಡಿ. ಬೋರ್ ಸವೆದ ಎಂಜಿನ್ ದಿನೇ ದಿನೇ ಸೊರಗುತ್ತದೆ, ನೀಲಿ ಹೊಗೆ ಬಿಡುತ್ತದೆ; ಹೀಗೆ ಥಟ್ಟನೆ ಘಾಟಿಯಲ್ಲಿ ಕೈಕೊಡುವುದಿಲ್ಲ. ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಹಿಡಿಯಿರಿ. ಕಾರ್ಬ್ಯುರೇಟರ್ ಬಾಯಲ್ಲಿ ಸೀನಿದರೆ ನಾನು ಮೊದಲು ಪೆಟ್ರೋಲ್ ಸಾಲುತ್ತಿದೆಯೇ ಎಂದು ನೋಡುತ್ತೇನೆ. ನಿಮ್ಮದು ಸೈಲೆನ್ಸರಿನಲ್ಲಿ ಸಿಡಿಯುತ್ತಿದೆ. ಕಿಡಿ ತಪ್ಪಿದಾಗ ಉರಿಯದೆ ಉಳಿದ ಪೆಟ್ರೋಲ್ ಆವಿ ಅಲ್ಲಿಗೆ ಇಳಿದು ಹೊತ್ತಿಕೊಳ್ಳುತ್ತದೆ.

ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಒಳಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಇದೆ; ಅದು ತೆರೆದಾಗಿನ ಗ್ಯಾಪ್, ಸಂದಿ ಅಳೆಯುವ ಫೀಲರ್ ಗೇಜಿನಲ್ಲಿ 0.4 ಮಿ.ಮೀ. ಇರಬೇಕು. ಪಾಯಿಂಟಿನ ಮುಖ ಸುಟ್ಟು ಗುಳಿ ಬಿದ್ದಿದ್ದರೆ, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರನ್ನೂ ಬದಲಿಸಿ. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಪಾಯಿಂಟಿಗೆ ಹೊರಗಿನಿಂದ ಬರುವ ಗಿಡ್ಡ ವೈರನ್ನು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಎಂಜಿನ್ ಗಾಳಿ ಎಳೆಯುವ ಸೆಳೆತ (ವ್ಯಾಕ್ಯೂಮ್) ಬದಲಾಗಿ ಪಾಯಿಂಟ್ ಕೂತ ತಟ್ಟೆ ಕೊಂಚ ತಿರುಗುತ್ತದೆ, ಜೊತೆಗೆ ಆ ವೈರೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆಗಳು ತುಂಡಾಗಿರುತ್ತವೆ, ಹೊದಿಕೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ನಿಂತಲ್ಲಿ ತಟ್ಟೆ ಅಲುಗದ ಕಾರಣ ಎಳೆಗಳು ತಗುಲಿಕೊಂಡೇ ಇರುತ್ತವೆ. ಅದಕ್ಕೇ ಅಂಗಳದಲ್ಲಿ ದೋಷ ಸಿಗುವುದಿಲ್ಲ. ಆ ವೈರನ್ನು ಮೆಲ್ಲಗೆ ಎಳೆದು ನೋಡಿ, ಬರೆಯಿರಿ.

ಮೂಡಿಗೆರೆಯಿಂದ, ಮತ್ತೆ:
ಹಿರಿಯರೇ, ಎಳೆದೆ. ರಬ್ಬರಿನಂತೆ ಜಗ್ಗಿತು! ಬ್ಲೇಡಿನಲ್ಲಿ ಹೊದಿಕೆ ಸೀಳಿದರೆ ಒಳಗೆ ತಾಮ್ರ ಹಸಿರುಗಟ್ಟಿ ಪುಡಿಯಾಗಿದೆ, ಕೂದಲಿನಂಥ ಮೂರೇ ಎಳೆ ಉಳಿದಿವೆ. ಮೆತ್ತನೆಯ, ಎಳೆ ಹೆಚ್ಚಿರುವ ವೈರ್ ಹುಡುಕಿ ಬೆಸುಗೆ ಹಾಕಿಸಿದೆ. ತಟ್ಟೆ ತಿರುಗಲು ಬೇಕಾದಷ್ಟು ಸಡಿಲವನ್ನೂ ಬಿಟ್ಟಿದ್ದೇನೆ. ಪಾಯಿಂಟಿನ ಗ್ಯಾಪ್ ಸರಿಯಾಗಿಯೇ ಇತ್ತು. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿಯಿಂದ ಕೊಟ್ಟಿಗೆಹಾರದವರೆಗೆ ಏರಿದೆ. ಸೈಲೆನ್ಸರ್ ಒಮ್ಮೆಯೂ ಸಿಡಿಯಲಿಲ್ಲ. ಕಂಡೆನ್ಸರನ್ನು ಹೇಗಿದ್ದರೂ ಬದಲಿಸಿದೆ. ಹಳೆಯದು ಡಿಕ್ಕಿಯಲ್ಲಿದೆ, ದಾರಿಯಲ್ಲಿ ಬೇಕಾದೀತು.